ತೊಗರಿಯ ಸುಂಕ: ಜಿನೀವಾದಲ್ಲಿ ಒಂದು ಲೆಕ್ಕ, ಗಂಜಿನಲ್ಲಿ ಇನ್ನೊಂದು

ಪ್ರತಿ ವರ್ಷ ಮೇ ತಿಂಗಳು ಮುಗಿಯುವ ಹೊತ್ತಿಗೆ ಘತ್ತರಗಿಯಿಂದ ನನ್ನ ಹಿರಿಯ ಸಹೋದರರ ದೂರವಾಣಿ ಕರೆ ಬರುತ್ತದೆ. ಭೀಮಾ ತೀರದ ಆ ಊರಿನಲ್ಲಿ ನಮ್ಮ ಮನೆತನದ ಹೊಲಗಳನ್ನು ನೋಡಿಕೊಂಡು ಬರುತ್ತಿರುವವರು ಅವರೇ. ಭಾಗ್ಯವಂತಿ ದೇವಿಯ ಗುಡಿಯ ಸುದ್ದಿ, ಹೊಳೆಯ ನೀರಿನ ಸುದ್ದಿ ಮುಗಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: ‘ತಮ್ಮಾ, ಈ ಸಲ ತೊಗರಿ ಹಾಕ್ಲೋ ಬ್ಯಾಡೋ? ಧಾರಣಿ ಹ್ಯಾಂಗಿರ್ತದ?’ ಸುಮಾರು ಮೂರು ದಶಕಗಳಿಂದ ಕಲಬುರಗಿಯ ದಾಲ್ ಮಿಲ್ಲುಗಳ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತ ಬಂದಿರುವ ನಾನು ಈ ಪ್ರಶ್ನೆಗೆ ಒಮ್ಮೆಯೂ ಖಚಿತವಾದ ಉತ್ತರ ಕೊಟ್ಟಿಲ್ಲ. ಮಳೆ ಕೈಕೊಡಬಹುದು, ನೆಟೆ ರೋಗ ಬರಬಹುದು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಜೂನಿನಲ್ಲಿ ಬಿತ್ತಿದ ಬೆಳೆ ಎಳ್ಳಮಾವಾಸ್ಯೆಯ ಹೊತ್ತಿಗೆ ರಾಶಿಗೆ ಬರುವಷ್ಟರಲ್ಲಿ ದೆಹಲಿಯಿಂದ ಯಾವ ಅಧಿಸೂಚನೆ ಹೊರಬಿದ್ದಿರುತ್ತದೆ ಎಂಬುದು ಮಾತ್ರ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಮ್ಮ ವರ್ತಕ ವಲಯದಲ್ಲಿಯೂ ರೈತ ಸಂಘಟನೆಗಳಲ್ಲಿಯೂ ಇದಕ್ಕೆಲ್ಲ ವಿಶ್ವ ವಾಣಿಜ್ಯ ಸಂಸ್ಥೆಯೇ ಕಾರಣವೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ವೇದಿಕೆಯ ಮೇಲೆ ಆ ಮಾತಿಗೆ ಚಪ್ಪಾಳೆ ದೊರೆಯುತ್ತದೆ. ಕಡತಗಳ ಪರಿಶೀಲನೆಗೆ ಮಾತ್ರ ಅದು ನಿಲ್ಲುವುದಿಲ್ಲ. ತೊಗರಿಯ ಮಟ್ಟಿಗೆ ಹೇಳುವುದಾದರೆ, ಜಿನೀವಾದ ಮಾತುಕತೆಗಳಲ್ಲಿ ನಾವು ಕಳೆದುಕೊಂಡದ್ದು ಅಲ್ಪ. ಅಲ್ಲಿ ಉಳಿಸಿಕೊಂಡು ಬಂದ ಹಕ್ಕನ್ನು ಇಲ್ಲಿ ಬಳಸದೆ ಬಿಟ್ಟದ್ದರಿಂದ ಆದ ನಷ್ಟವೇ ಅಧಿಕ ಎಂಬುದು ನನ್ನ ಅಭಿಪ್ರಾಯ.

ಸ್ವಲ್ಪ ಹಿಂದಿನಿಂದ ಆರಂಭಿಸಬೇಕಾಗುತ್ತದೆ. 1991 ರ ಜುಲೈ ತಿಂಗಳಲ್ಲಿ ನಾನು ವಾಣಿಜ್ಯ ಪದವಿಯ ವಿದ್ಯಾರ್ಥಿ. ದೇಶದ ವಿದೇಶಿ ವಿನಿಮಯ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಿತ್ತು. ಚಿನ್ನ ಲಂಡನ್ನಿಗೆ ಒತ್ತೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮೂರು ದಿನಗಳ ಅಂತರದೊಳಗೆ ರೂಪಾಯಿ ಎರಡು ಬಾರಿ ಅಪಮೌಲ್ಯಗೊಂಡಿತು. ಮನಮೋಹನ ಸಿಂಗ್ ಅವರ ಆ ವರ್ಷದ ಮುಂಗಡಪತ್ರ ಗರಿಷ್ಠ ಆಮದು ಸುಂಕವನ್ನು ಶೇ. 150 ಕ್ಕೆ ಇಳಿಸಿದಾಗ ಅದೇ ದೊಡ್ಡ ಸುದ್ದಿ. 2007 ರ ವೇಳೆಗೆ ಕೈಗಾರಿಕಾ ಸರಕುಗಳ ಗರಿಷ್ಠ ಸುಂಕ ಶೇ. 10 ಕ್ಕೆ ಬಂದು ನಿಂತಿತು. ಪರವಾನಗಿ ರಾಜ್ಯ ಕೊನೆಗೊಂಡದ್ದರಿಂದ ನಮ್ಮ ಸದಸ್ಯರಲ್ಲಿ ಬಹುಮಂದಿಗೆ ಒಳಿತೇ ಆಯಿತೆಂಬುದನ್ನು ಮರೆಮಾಚುವುದು ಸರಿಯಲ್ಲ. ಯಂತ್ರೋಪಕರಣ ತರಿಸಲು ಅರ್ಜಿ ಹಿಡಿದು ದೆಹಲಿಗೆ ಅಲೆದ ತಲೆಮಾರಿನವರು ಇನ್ನೂ ನಮ್ಮ ನಡುವೆ ಇದ್ದಾರೆ.

ಕೃಷಿಯ ದಾರಿ ಬೇರೆಯಾಯಿತು. 1991 ರ ಡಿಸೆಂಬರಿನಲ್ಲಿ ಗ್ಯಾಟ್ ಮಹಾನಿರ್ದೇಶಕ ಆರ್ಥರ್ ಡಂಕೆಲ್ ಮಂಡಿಸಿದ ಕರಡು ಕೃಷಿಯನ್ನು ಮೊದಲ ಬಾರಿಗೆ ಪೂರ್ಣವಾಗಿ ಬಹುಪಕ್ಷೀಯ ನಿಯಮಗಳ ಚೌಕಟ್ಟಿಗೆ ತರಲು ಹೊರಟಿತು. ಅದರ ವಿರುದ್ಧ ದೇಶದಲ್ಲಿ ಎದ್ದ ದನಿಗಳಲ್ಲಿ ಕರ್ನಾಟಕದ್ದೇ ಗಟ್ಟಿ ದನಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರೈತ ಸಂಘದವರು 1992 ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ಆ ಕ್ರಮವನ್ನು ನಾನು ಆಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ಕರಡನ್ನು ಓದಿ, ಅದರ ಬಗ್ಗೆ ಹಳ್ಳಿಹಳ್ಳಿಗಳಲ್ಲಿ ಮಾತನಾಡಿದವರು ಅವರು. ವಾಣಿಜ್ಯ ಸಂಸ್ಥೆಗಳಾದ ನಾವು ಆಗ ಅಷ್ಟನ್ನೂ ಮಾಡಲಿಲ್ಲ.

1994 ರ ಏಪ್ರಿಲ್‌ನಲ್ಲಿ ಮರಾಕೇಶ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದು, 1995 ರ ಜನವರಿ 1 ರಂದು ವಿಶ್ವ ವಾಣಿಜ್ಯ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಅಲ್ಲಿ ಭಾರತ ಒಪ್ಪಿಕೊಂಡ ಷರತ್ತನ್ನು ಸರಿಯಾಗಿ ಓದಬೇಕು. ಪ್ರತಿಯೊಂದು ದೇಶವೂ ಇಂತಿಷ್ಟಕ್ಕಿಂತ ಹೆಚ್ಚು ಸುಂಕ ಹಾಕುವುದಿಲ್ಲವೆಂದು ಬರೆದುಕೊಡುವ ದರಕ್ಕೆ ಬದ್ಧ ದರ ಎನ್ನುತ್ತಾರೆ. ಸ್ಥೂಲವಾಗಿ ಹೇಳುವುದಾದರೆ ಭಾರತವು ಕಚ್ಚಾ ಕೃಷಿ ಉತ್ಪನ್ನಗಳಿಗೆ ಶೇ. 100, ಸಂಸ್ಕರಿಸಿದವಕ್ಕೆ ಶೇ. 150, ಖಾದ್ಯ ತೈಲಗಳಿಗೆ ಶೇ. 300 ರಷ್ಟು ಎತ್ತರದ ಬದ್ಧ ದರಗಳನ್ನು ಬರೆದುಕೊಟ್ಟಿತು. ಸೋಯಾ ಎಣ್ಣೆಗೆ ಶೇ. 45, ಒಣ ಬಟಾಣಿಗೆ ಶೇ. 50 ರಂತಹ ಅಪವಾದಗಳುಂಟು. ತೊಗರಿಯದು ಶೇ. 100. ಎಂದರೆ, ಕ್ವಿಂಟಲಿಗೆ 6,000 ರೂಪಾಯಿಗೆ ಬಂದರು ತಲುಪುವ ವಿದೇಶಿ ತೊಗರಿಯ ಮೇಲೆ ಇನ್ನೂ 6,000 ರೂಪಾಯಿ ಸುಂಕ ಹೇರಿದರೂ ಜಿನೀವಾದಲ್ಲಿ ಯಾರೂ ತಕರಾರು ತೆಗೆಯುವಂತಿಲ್ಲ. ಅಷ್ಟು ಹೇರಬೇಕೆಂದು ನಾನು ಹೇಳುತ್ತಿಲ್ಲ. ಹೇರುವ ಅಧಿಕಾರ ನಮ್ಮ ಕೈಯಲ್ಲೇ ಇದೆಯೆಂಬುದನ್ನು ಮೊದಲು ಅರಿತುಕೊಳ್ಳಬೇಕು.

ನಿಜವಾಗಿ ನಮ್ಮ ಕೈತಪ್ಪಿದ್ದು ಬೇರೊಂದು ಅಸ್ತ್ರ. ಅಮೆರಿಕ ಹೂಡಿದ ವ್ಯಾಜ್ಯದಲ್ಲಿ 1999 ರಲ್ಲಿ ಭಾರತ ಸೋತು, ಪ್ರಮಾಣ ನಿರ್ಬಂಧಗಳನ್ನು, ಅಂದರೆ ಇಂತಿಷ್ಟೇ ಟನ್ ಬರಬೇಕು ಎನ್ನುವ ಕಟ್ಟುಪಾಡುಗಳನ್ನು, 2000 ಮತ್ತು 2001 ರ ಏಪ್ರಿಲ್ 1 ರಂದು ಎರಡು ಕಂತುಗಳಲ್ಲಿ ತೆಗೆದುಹಾಕಬೇಕಾಯಿತು. ಎರಡು ಕಂತು ಸೇರಿ 1,429 ಸರಕುಗಳು. ಆ ದಿನಗಳಲ್ಲಿ ಎದ್ದ ಗಾಬರಿ ಸಣ್ಣದೇನಲ್ಲ. ಆದರೆ ಬೇಳೆಕಾಳುಗಳ ಆಮದನ್ನು ಖಾಸಗಿಯವರಿಗೆ ನಮ್ಮ ಸರಕಾರವೇ 1970 ರ ದಶಕದ ಕೊನೆಯಲ್ಲಿ ತೆರೆದುಬಿಟ್ಟಿತ್ತು. ಆಗ ಡಂಕೆಲ್ ಹೆಸರನ್ನೇ ಇಲ್ಲಿ ಯಾರೂ ಕೇಳಿರಲಿಲ್ಲ.

ಇನ್ನು ದೋಹಾ ಸುತ್ತಿನ ಮಾತುಕತೆ. 2001 ರಲ್ಲಿ ಆರಂಭವಾದ ಆ ಸುತ್ತು 2003 ರಲ್ಲಿ ಕಾನ್‌ಕುನ್‌ನಲ್ಲಿ ಮುಗ್ಗರಿಸಿ, 2008 ರ ಜುಲೈನಲ್ಲಿ ಜಿನೀವಾದಲ್ಲಿ ಬಿದ್ದೇಹೋಯಿತು. ಬೀಳಲು ಮುಖ್ಯ ಕಾರಣ ವಿಶೇಷ ರಕ್ಷಣಾ ಕ್ರಮವೆಂಬ ವಿಷಯ: ಆಮದು ಒಮ್ಮೆಲೇ ಉಕ್ಕಿದಾಗ ಬಡ ದೇಶಗಳು ಬದ್ಧ ದರವನ್ನೂ ಮೀರಿ ಸುಂಕ ಹಾಕಬಹುದೇ ಎಂಬ ಪ್ರಶ್ನೆ. ವಾಡಿಕೆಯ ಆಮದಿನ ಶೇ. 140 ನ್ನು ದಾಟಿದರೆ ಮಾತ್ರ ಎಂದು ಕರಡು ಹೇಳಿದರೆ, ಶೇ. 110 ರ ಆಸುಪಾಸಿನಲ್ಲಿಯೇ ಆ ಹಕ್ಕು ಬೇಕೆಂದು ವಾಣಿಜ್ಯ ಸಚಿವ ಕಮಲನಾಥ್ ಪಟ್ಟು ಹಿಡಿದರು. ಕೋಟ್ಯಂತರ ಸಣ್ಣ ರೈತರ ಜೀವನೋಪಾಯದ ಪ್ರಶ್ನೆಯೆಂದು ಅವರು ಎದ್ದು ಬಂದದ್ದನ್ನು ದೇಶವೆಲ್ಲ ಪ್ರಶಂಸಿಸಿತು, ನಾನೂ ಪ್ರಶಂಸಿಸಿದೆ. ಆ ವಾರ ಭಾರತದಲ್ಲಿ ತೊಗರಿಯ ಆಮದು ಸುಂಕ ಎಷ್ಟಿತ್ತೆಂದು ನೋಡಲು ನನಗೆ ತೋಚಿದ್ದು ಬಹಳ ವರ್ಷಗಳ ನಂತರ. ಅದು ಸೊನ್ನೆ. 2006 ರ ಜೂನ್‌ನಲ್ಲಿ ಸೊನ್ನೆಗೆ ಇಳಿದದ್ದು 2017 ರ ಮಾರ್ಚ್‌ವರೆಗೆ ಸೊನ್ನೆಯಾಗಿಯೇ ಇತ್ತು. ಅದೇ 2006 ರ ಜೂನ್‌ನಲ್ಲಿ ಬೇಳೆಕಾಳುಗಳ ರಫ್ತನ್ನೂ ನಿಷೇಧಿಸಲಾಯಿತು. ಬರುವ ಬಾಗಿಲು ಪೂರ್ತಿ ತೆರೆದು ಹೋಗುವ ಬಾಗಿಲು ಹಾಕಿದ ಈ ಏರ್ಪಾಡು ಹನ್ನೊಂದು ವರ್ಷ ನಡೆಯಿತು.

ಅಧಿಸೂಚನೆಗಳ ಪಂಚಾಂಗ

ಆ ಹನ್ನೊಂದು ವರ್ಷಗಳ ಕೊನೆಯ ಭಾಗವನ್ನು ಗಂಜಿನವರು ಮರೆಯುವಂತಿಲ್ಲ. ಎರಡು ವರ್ಷ ಸತತ ಬರ ಬಿದ್ದು 2015 ರ ಅಕ್ಟೋಬರಿನಲ್ಲಿ ತೊಗರಿ ಬೇಳೆ ಚಿಲ್ಲರೆ ಅಂಗಡಿಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ದಾಸ್ತಾನು ಮಿತಿ ಬಂತು, ಗೋದಾಮುಗಳ ಮೇಲೆ ದಾಳಿಗಳಾದವು. 2016 ರ ಜುಲೈನಲ್ಲಿ ಮೊಜಾಂಬಿಕ್‌ನೊಂದಿಗೆ ವರ್ಷಕ್ಕೆ ಒಂದು ಲಕ್ಷ ಟನ್‌ನಿಂದ ಆರಂಭಿಸಿ ಎರಡು ಲಕ್ಷ ಟನ್‌ವರೆಗೆ ತೊಗರಿ ತರಿಸಿಕೊಳ್ಳುವ ಒಡಂಬಡಿಕೆಯಾಯಿತು. ಅದೇ ಮುಂಗಾರಿನಲ್ಲಿ, ಹಿಂದಿನ ವರ್ಷದ ಧಾರಣೆ ಕಂಡ ರೈತರು ದೇಶದ ತುಂಬ ತೊಗರಿ ಬಿತ್ತಿದರು. 2015-16 ರಲ್ಲಿ ಸುಮಾರು 26 ಲಕ್ಷ ಟನ್ ಇದ್ದ ದೇಶದ ತೊಗರಿ ಉತ್ಪಾದನೆ 2016-17 ರಲ್ಲಿ 48 ಲಕ್ಷ ಟನ್ ದಾಟಿತು. ಬೋನಸ್ ಸೇರಿ 5,050 ರೂಪಾಯಿ ಬೆಂಬಲ ಬೆಲೆ ಘೋಷಿತವಾಗಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಚೀಲ ಹೊತ್ತ ಟ್ರ್ಯಾಕ್ಟರುಗಳು ದಿನಗಟ್ಟಲೆ ನಿಂತವು. ಗೋಣಿಚೀಲ ಇಲ್ಲವೆಂದು ತೂಕ ನಿಂತ ದಿನಗಳೂ ಇದ್ದವು. ಸುಂಕ ಶೇ. 10 ಕ್ಕೆ ಏರಿದ್ದು ಯಾವಾಗ? 2017 ರ ಮಾರ್ಚ್ ಕೊನೆಯ ವಾರದಲ್ಲಿ. ಆ ವೇಳೆಗೆ ಘತ್ತರಗಿಯಲ್ಲಿ ಯಾವ ಸಣ್ಣ ರೈತನ ಮನೆಯಲ್ಲೂ ತೊಗರಿ ಉಳಿದಿರಲಿಲ್ಲ.

ಮುಂದಿನದು ವಾಚಕರಿಗೆ ತಿಳಿದಿರುವುದೇ. 2017 ರ ಆಗಸ್ಟ್‌ನಲ್ಲಿ ವರ್ಷಕ್ಕೆ ಎರಡು ಲಕ್ಷ ಟನ್ನಿನ ಮಿತಿ. ಸೆಪ್ಟೆಂಬರಿನಲ್ಲಿ ರಫ್ತಿಗೆ ಅನುಮತಿ. ನಂತರದ ವರ್ಷಗಳಲ್ಲಿ ಮಿಲ್ಲುಗಳಿಗೆ ಕೋಟಾ ಹಂಚಿಕೆ. 2021 ರ ಮೇ 15 ರಂದು, ಮುಂಗಾರು ಬಿತ್ತನೆಗೆ ಮೂರು ವಾರ ಇರುವಾಗ, ಮತ್ತೆ ಮುಕ್ತ ಆಮದು. ಜುಲೈನಲ್ಲಿ ದಾಸ್ತಾನು ಮಿತಿ. 2023 ರ ಮಾರ್ಚ್‌ನಲ್ಲಿ ಉಳಿದಿದ್ದ ಶೇ. 10 ರ ಸುಂಕಕ್ಕೂ ವಿದಾಯ. 2023 ರ ಜೂನ್‌ನಲ್ಲಿ ಸಗಟು ವರ್ತಕರಿಗೆ 200 ಟನ್ನಿನ ಮಿತಿ ಹಾಕಿ, ಸೆಪ್ಟೆಂಬರಿನಲ್ಲಿ ಅದನ್ನು 50 ಟನ್ನಿಗೆ ಇಳಿಸಲಾಯಿತು. ಸುಂಕವಿಲ್ಲದ ಮುಕ್ತ ಆಮದನ್ನು ಒಂದೊಂದು ವರ್ಷವೇ ಮುಂದೂಡುತ್ತ, 2025 ರ ಜನವರಿಯಲ್ಲಿ 2026 ರ ಮಾರ್ಚ್ 31 ರವರೆಗೆ ವಿಸ್ತರಿಸಲಾಯಿತು. ಜನವರಿ ಎಂದರೆ ನಮ್ಮಲ್ಲಿ ಆವಕ ತುಂಬಿ ಹರಿಯುವ ತಿಂಗಳು. 7,550 ರೂಪಾಯಿ ಬೆಂಬಲ ಬೆಲೆಯಿದ್ದ ಆ ಹಂಗಾಮಿನಲ್ಲಿ ಧಾರಣೆ ಅದರ ಕೆಳಗೆ ಜಾರಿತು. ರಾಜ್ಯ ಸರಕಾರ ತನ್ನ ಬೊಕ್ಕಸದಿಂದ 450 ರೂಪಾಯಿ ಸೇರಿಸಬೇಕಾಯಿತು. 2024-25 ರಲ್ಲಿ ದೇಶಕ್ಕೆ ಬಂದ ಬೇಳೆಕಾಳು 70 ಲಕ್ಷ ಟನ್ ಮೀರಿತು, ಅದರಲ್ಲಿ ತೊಗರಿಯೊಂದೇ ಸುಮಾರು 12 ಲಕ್ಷ ಟನ್.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. 2022-23 ರಲ್ಲಿ ನೆಟೆ ರೋಗದಿಂದ ನಮ್ಮ ಜಿಲ್ಲೆಯ ತೊಗರಿ ನೆಲಕಚ್ಚಿತು. ಧಾರಣೆ ಕ್ವಿಂಟಲಿಗೆ 10 ಸಾವಿರ ದಾಟಿತು. ಬೇಳೆಯಿಲ್ಲದೆ ಬಡವರ ಮನೆಯ ಊಟವಿಲ್ಲ. ಅಂಥ ವರ್ಷ ಆಮದು ಬೇಡವೆನ್ನುವವನು ತನ್ನ ಲಾಭದ ಮಾತನ್ನಷ್ಟೇ ಆಡುತ್ತಿದ್ದಾನೆ. ನನ್ನ ಆಕ್ಷೇಪ ಸುಂಕ ಇಳಿಸಿದ್ದಕ್ಕಲ್ಲ. ಇಳಿಸಿದ್ದನ್ನು ಏರಿಸಬೇಕಾದ ಹೊತ್ತಿನಲ್ಲಿ ಏರಿಸದಿರುವುದಕ್ಕೆ, ಏರಿಸಿದರೂ ರಾಶಿ ಮಾರಿಹೋದ ಮೇಲೆ ಏರಿಸುವುದಕ್ಕೆ.

ಮೊಜಾಂಬಿಕ್‌ಗೆ ಐದು ವರ್ಷ

ಇಲ್ಲಿ ನಮ್ಮ ಸದಸ್ಯರಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ. 2017 ರಿಂದ 2023 ರವರೆಗೆ ಶೇ. 10 ರ ಸುಂಕವಿತ್ತೆಂದು ಹೇಳುತ್ತೇವೆ. ಯಾರ ಮೇಲೆ? 2005 ರ ಹಾಂಗ್‌ಕಾಂಗ್ ಸಮ್ಮೇಳನದಲ್ಲಿ ಅತಿ ಹಿಂದುಳಿದ ರಾಷ್ಟ್ರಗಳ ಸರಕಿಗೆ ಸುಂಕರಹಿತ ಪ್ರವೇಶ ಕೊಡುವ ನಿರ್ಧಾರವಾಯಿತು. ಅದರಂತೆ ಭಾರತ 2008 ರಲ್ಲಿ ತನ್ನದೇ ರಿಯಾಯಿತಿ ಯೋಜನೆಯನ್ನು ಪ್ರಕಟಿಸಿತು. ತೊಗರಿ ನಮಗೆ ಬರುವುದು ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಮ್ಯಾನ್ಮಾರ್‌ಗಳಿಂದ. ನಾಲ್ಕೂ ಆ ಪಟ್ಟಿಯಲ್ಲಿದ್ದ ದೇಶಗಳೇ. ಹೀಗಾಗಿ ಬರ್ಮಾದ ಲೆಮನ್ ತೊಗರಿಗಾಗಲಿ, ಆಫ್ರಿಕಾದ ಗಜರಿ, ಅರುಷಾ ತೊಗರಿಗಾಗಲಿ ಆ ಶೇ. 10 ತಾಗಿದ್ದೇ ಅಪರೂಪ. 2023 ರಲ್ಲಿ ಸುಂಕ ತೆಗೆದಾಗ ಸರಕಾರವೇ ಕೊಟ್ಟ ವಿವರಣೆ ಇದು: ಸುಂಕ ಅನ್ವಯವಾಗದ ದೇಶಗಳ ಸರಕಿಗೂ ಅದು ಕಾಗದಪತ್ರದ ತೊಡಕು ತರುತ್ತಿದೆ. ತಿಜೋರಿಗೆ ಬೀಗ ಹಾಕಿ ಕೀಲಿಯನ್ನು ಅದರ ಮೇಲೆಯೇ ಇಟ್ಟಂತೆ ನಡೆದ ವ್ಯವಹಾರ. ಸುಂಕ ತಾಗುವುದಿಲ್ಲವೆಂದೇ ಸರಕಾರ ಟನ್ನಿನ ಮಿತಿಗೆ ಮೊರೆಹೋಗಬೇಕಾಯಿತು. 1999 ರಲ್ಲಿ ಸೋತ ವ್ಯಾಜ್ಯದ ಬಗೆಯ ಕ್ರಮವಾದ್ದರಿಂದ ಕೆನಡಾ, ಆಸ್ಟ್ರೇಲಿಯಾಗಳು ಜಿನೀವಾದ ಸಮಿತಿಗಳಲ್ಲಿ ಅದನ್ನು ಪ್ರಶ್ನಿಸಿದವು.

ಇದರ ಜೊತೆಗೆ ಒಡಂಬಡಿಕೆಗಳು. ಮೊಜಾಂಬಿಕ್‌ನಿಂದ ವರ್ಷಕ್ಕೆ 2 ಲಕ್ಷ ಟನ್, ಮಲಾವಿಯಿಂದ 50 ಸಾವಿರ ಟನ್, ಮ್ಯಾನ್ಮಾರ್‌ನಿಂದ 1 ಲಕ್ಷ ಟನ್ ತೊಗರಿ ಬರಮಾಡಿಕೊಳ್ಳುವುದೆಂದು 2021 ರಲ್ಲಿ ಐದು ವರ್ಷಗಳ ಅವಧಿಗೆ, 2025-26 ರವರೆಗೆ, ಒಪ್ಪಿಕೊಳ್ಳಲಾಯಿತು. ಆಫ್ರಿಕಾದ ರೈತನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆತನೂ ನಮ್ಮವರಂತೆಯೇ ಎರಡು ಮೂರು ಎಕರೆಯ ಒಡೆಯ. ಭಾರತ ಕೊಳ್ಳುತ್ತದೆಂಬ ನಂಬಿಕೆಯಿಂದಲೇ ತೊಗರಿ ಬೆಳೆಯುವವನು. ಅವನಿಗೆ ಐದು ವರ್ಷದ ಮಾತು ಕೊಟ್ಟದ್ದು ವಿವೇಕವೇ ಸರಿ. ಅಫಜಲಪುರ, ಆಳಂದ, ಜೇವರ್ಗಿಯ ರೈತನಿಗೆ ಐದು ತಿಂಗಳ ಮಾತನ್ನಾದರೂ ಕೊಡಬಾರದೇ ಎಂಬುದಷ್ಟೇ ಪ್ರಶ್ನೆ. ಆಫ್ರಿಕಾದ ಹೊಸ ಬೆಳೆ ಆಗಸ್ಟ್ ನಂತರ ಹಡಗು ಹತ್ತಿ ನಮ್ಮ ರಾಶಿಗೆ ಸ್ವಲ್ಪ ಮುಂಚೆ ಮುಂಬಯಿ ತಲುಪುತ್ತದೆ. ಡಿಸೆಂಬರಿನ ಧಾರಣೆ ನಿಗದಿಯಾಗುವುದು ನೆಹರು ಗಂಜಿನ ಸವಾಲಿನಲ್ಲಿ ಎಂದುಕೊಳ್ಳುತ್ತೇವೆ. ಅದರ ಅರ್ಧ ಭಾಗ ಅದಾಗಲೇ ಬಂದರಿನಲ್ಲಿ ನಿಗದಿಯಾಗಿರುತ್ತದೆ.

ಹೊಳೆದಂಡೆಯ ಕಬ್ಬು

ನನ್ನ ಸಹೋದರರು ಹೊಳೆದಂಡೆಯ ಹೊಲದಲ್ಲಿ ತೊಗರಿ ಬಿಟ್ಟು ಕಬ್ಬು ಹಚ್ಚಿ ಕೆಲವು ವರ್ಷಗಳಾದವು. ಕಬ್ಬಿಗೆ ನೀರು ಹೆಚ್ಚು ಬೇಕೆಂಬುದೂ, ಭೀಮೆ ಬೇಸಿಗೆಯಲ್ಲಿ ಬತ್ತುವಳೆಂಬುದೂ ಅವರಿಗೆ ತಿಳಿಯದ್ದಲ್ಲ. ಕಾರಣ ಕೇಳಿದಾಗ ‘ಕಬ್ಬಿಗಿ ರೇಟ್ ಮೊದಲೇ ಗೊತ್ತಿರ್ತದಲ್ಲೋ’ ಎಂದರು. ಆ ಒಂದು ಮಾತಿನಲ್ಲಿ ವ್ಯಾಪಾರ ನೀತಿಯ ಪಾಠವೇ ಇದೆ. ಕಬ್ಬಿಗೆ ಶಾಸನಬದ್ಧ ನ್ಯಾಯಸಮ್ಮತ ದರವುಂಟು. 2025-26 ರ ಹಂಗಾಮಿಗೆ ಅದು ಮೂಲ ಇಳುವರಿಯ ಮೇಲೆ ಕ್ವಿಂಟಲಿಗೆ 355 ರೂಪಾಯಿ. ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಪಾವತಿಸಬೇಕೆಂದು 1966 ರ ಆದೇಶ ಹೇಳುತ್ತದೆ (14 ದಿನ ಎಷ್ಟು ದಿನವಾಗುತ್ತದೆಂಬುದು ಬೇರೆ ಮಾತು). ಸಕ್ಕರೆಯ ಆಮದು ಸುಂಕವನ್ನು 2018 ರ ಫೆಬ್ರುವರಿಯಲ್ಲಿ ಶೇ. 100 ಕ್ಕೆ ಏರಿಸಲಾಯಿತು. ಒಂದೇ ತಾಲ್ಲೂಕಿನ ಎರಡು ಬೆಳೆಗಳಲ್ಲಿ ನೀರು ಕುಡಿಯುವ ಬೆಳೆಗೆ ಶೇ. 100 ರ ಕೋಟೆ; ಮಳೆಯನ್ನೇ ನಂಬಿ, ಮಣ್ಣಿಗೆ ಸಾರಜನಕವನ್ನೂ ಕೊಡುವ ತೊಗರಿಗೆ ಸೊನ್ನೆ. 2019 ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ನಾವೆಲ್ಲ ಸನ್ಮಾನ ಸಮಾರಂಭಗಳಲ್ಲಿ ಭಾಗವಹಿಸಿದೆವು. ಮಾನ್ಯತೆ ಬಂದ ಬೆಳೆ ಹೊಳೆದಂಡೆಯಿಂದ ಹಿಂದೆ ಸರಿಯುತ್ತಿದೆ.

ಕಬ್ಬಿನ ಕೋಟೆಗೂ ಬಿರುಕು ಬಂದಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ ವ್ಯಾಜ್ಯದಲ್ಲಿ, ಕಬ್ಬು ಬೆಳೆಗಾರರಿಗೆ ಭಾರತ ಕೊಡುತ್ತಿರುವ ಬೆಂಬಲ ಒಪ್ಪಿತ ಮಿತಿಯಾದ ಶೇ. 10 ನ್ನು ಮೀರಿದೆಯೆಂದು 2021 ರ ಡಿಸೆಂಬರಿನಲ್ಲಿ ತೀರ್ಪು ಬಂತು. ಭಾರತ 2022 ರ ಜನವರಿಯಲ್ಲಿ ಮೇಲ್ಮನವಿ ಸಲ್ಲಿಸಿತು. ಅಮೆರಿಕವು ನೇಮಕಾತಿಗಳನ್ನು ತಡೆದದ್ದರಿಂದ 2019 ರ ಡಿಸೆಂಬರಿನಿಂದ ಮೇಲ್ಮನವಿ ಪೀಠ ನಿಷ್ಕ್ರಿಯವಾಗಿತ್ತು. ನ್ಯಾಯಾಧೀಶರೇ ಇಲ್ಲದ ನ್ಯಾಯಾಲಯಕ್ಕೆ ಹೋದ ಕಡತ ಅದು.

ಲೆಕ್ಕಪರಿಶೋಧಕನ ಒಂದು ತಕರಾರು

ಆ ಶೇ. 10 ರ ಲೆಕ್ಕ ಹಾಕುವ ವಿಧಾನವನ್ನು ನನ್ನ ವೃತ್ತಿಯವರು ಯಾರೂ ಒಪ್ಪಲಾರರು. ಸರಕಾರ ಘೋಷಿಸಿದ ಬೆಂಬಲ ಬೆಲೆಯಿಂದ ಒಂದು ಹೊರಗಿನ ಆಧಾರ ಬೆಲೆಯನ್ನು ಕಳೆದು, ಉಳಿದದ್ದನ್ನು ಖರೀದಿಗೆ ಅರ್ಹವಾದ ಒಟ್ಟು ಉತ್ಪಾದನೆಯಿಂದ ಗುಣಿಸಬೇಕು. ಆ ಆಧಾರ ಬೆಲೆ 1986-88 ರ ಸರಾಸರಿ. ಆಗ ಡಾಲರಿಗೆ 13 ರೂಪಾಯಿ ಆಸುಪಾಸಿನಲ್ಲಿದ್ದ ವಿನಿಮಯ ದರ 2025 ರ ಕೊನೆಗೆ 85 ರೂಪಾಯಿಗೂ ಹೆಚ್ಚು. ನಾಲ್ಕು ದಶಕದ ಹಿಂದಿನ ದರದಲ್ಲಿ ದಾಸ್ತಾನಿನ ಮೌಲ್ಯ ತೋರಿಸಿದ ಆಯವ್ಯಯ ಪಟ್ಟಿಯನ್ನು ನನ್ನ ಕಚೇರಿಗೆ ತಂದರೆ ನಾನು ಸಹಿ ಹಾಕುವುದಿಲ್ಲ. ಎರಡನೆಯದಾಗಿ, ಸರಕಾರ ನಿಜವಾಗಿ ಕೊಂಡದ್ದು ನೂರರಲ್ಲಿ ಹತ್ತು ಚೀಲವಾದರೂ ಕೊಳ್ಳಬಹುದಾಗಿದ್ದ ನೂರು ಚೀಲಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಇದೇ ವಿಧಾನ ಅನುಸರಿಸಿ 2019 ರ ಫೆಬ್ರುವರಿಯಲ್ಲಿ ಅಮೆರಿಕ ಮತ್ತು ಕೆನಡಾ ನಮ್ಮ ಐದು ಬೇಳೆಕಾಳುಗಳ ಮೇಲೆ, ತೊಗರಿಯೂ ಸೇರಿದಂತೆ, ಪ್ರತಿ-ಲೆಕ್ಕ ಸಲ್ಲಿಸಿ ಭಾರತ ಮಿತಿ ಮೀರಿದೆಯೆಂದು ಆರೋಪಿಸಿದವು. 2013 ರ ಬಾಲಿ ಸಮ್ಮೇಳನದಲ್ಲಿ ದೊರೆತ ಶಾಂತಿ ಷರತ್ತು ಆ ವರ್ಷದ ಡಿಸೆಂಬರಿನಲ್ಲಿ ಜಾರಿಯಲ್ಲಿದ್ದ ಆಹಾರ ದಾಸ್ತಾನು ಯೋಜನೆಗಳಿಗೆ ಸೀಮಿತ. ಭತ್ತಕ್ಕೆ ಅದು ಉಪಯೋಗಕ್ಕೆ ಬಂದಿದೆ. ಶಾಶ್ವತ ಪರಿಹಾರದ ಮಾತು ನೈರೋಬಿ, ಬ್ಯೂನಸ್ ಐರಿಸ್ ದಾಟಿ 2024 ರ ಅಬುಧಾಬಿ ಸಮ್ಮೇಳನದಲ್ಲಿಯೂ ತೀರ್ಮಾನ ಕಾಣಲಿಲ್ಲ.

ಕೇಂದ್ರ ಸರಕಾರ 2025 ರ ಮುಂಗಡಪತ್ರದಲ್ಲಿ ತೊಗರಿ, ಉದ್ದು, ಮಸೂರಗಳನ್ನು ನಾಲ್ಕು ವರ್ಷ ರೈತರು ತಂದಷ್ಟನ್ನೂ ಕೊಳ್ಳುವುದಾಗಿ ಘೋಷಿಸಿತು. ಅಕ್ಟೋಬರಿನಲ್ಲಿ 11,440 ಕೋಟಿ ರೂಪಾಯಿಯ ಆರು ವರ್ಷದ ಆತ್ಮನಿರ್ಭರತಾ ಯೋಜನೆಯೂ ಆರಂಭವಾಯಿತು. 2025-26 ಕ್ಕೆ ಬೆಂಬಲ ಬೆಲೆ 8,000 ರೂಪಾಯಿ. ಸ್ವಾಗತಾರ್ಹವೇ. ಆದರೆ ‘ಎಲ್ಲವನ್ನೂ ಕೊಳ್ಳುತ್ತೇವೆ’ ಎಂಬ ಘೋಷಣೆ ಜಿನೀವಾದ ಸೂತ್ರದಲ್ಲಿ ‘ಅರ್ಹ ಉತ್ಪಾದನೆ’ಯನ್ನು ನೂರಕ್ಕೆ ನೂರಾಗಿಸುತ್ತದೆ. ಆಮದು ಸುಂಕದ ದಾರಿಯಾದರೋ ಶೇ. 100 ರವರೆಗೆ ನಿರ್ವಿವಾದ. ಬೊಕ್ಕಸಕ್ಕೆ ಹೊರೆಯಿಲ್ಲ, ವರಮಾನವೇ ಉಂಟು. ನಿರ್ವಿವಾದವಾದ ದಾರಿಯನ್ನು ಖಾಲಿ ಬಿಟ್ಟು ವಿವಾದದ ದಾರಿಯಲ್ಲಿ ನಡೆಯುತ್ತ, ಸುಂಕವಿಲ್ಲದೆ ಬಂದ ಸರಕು ಇಳಿಸಿದ ಧಾರಣೆಯನ್ನು ಬೊಕ್ಕಸದ ಹಣದಿಂದ ಎತ್ತಿಹಿಡಿಯುವುದು ಯಾವ ಮಿತವ್ಯಯ?

ಇನ್ನು ನಮ್ಮ ಪಾಲಿನ ತಪ್ಪು. ಕಚ್ಚಾ ಮಾಲು ತುಟ್ಟಿಯಾದಾಗಲೆಲ್ಲ ಆಮದು ತೆರೆಯಿರೆಂದು ತಂತಿ, ಫ್ಯಾಕ್ಸ್, ಮಿಂಚಂಚೆ ಕಳುಹಿಸಿದವರು ನಾವೇ. ಅಗ್ಗದ ತೊಗರಿಯಿಂದ ಮಿಲ್ಲಿಗೆ ಲಾಭವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನನ್ನ ಕಕ್ಷಿದಾರರೊಬ್ಬರ ಉದಾಹರಣೆ ಕೊಡುತ್ತೇನೆ. 2024 ರ ಸೆಪ್ಟೆಂಬರಿನಲ್ಲಿ ಕ್ವಿಂಟಲಿಗೆ 10 ಸಾವಿರಕ್ಕೂ ಮೇಲೆ ಕೊಟ್ಟು ಕೊಂಡ ಸರಕಿನ ಒಂದು ಭಾಗ 2025 ರ ಮಾರ್ಚ್ 31 ರ ದಾಸ್ತಾನಿನಲ್ಲಿ ಉಳಿದಿತ್ತು. ಕೊಂಡ ಬೆಲೆ, ಮಾರಿದರೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದನ್ನು ಹಿಡಿಯಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಹಾಗೆ ಹಿಡಿದಾಗ ವರ್ಷವೆಲ್ಲ ಮಿಲ್ ಓಡಿಸಿ ಗಳಿಸಿದ ಲಾಭ ಒಂದೇ ಸಾಲಿನಲ್ಲಿ ಅಳಿಸಿಹೋಯಿತು. ದಾಸ್ತಾನಿನ ಮೌಲ್ಯ ಕುಸಿದದ್ದರಿಂದ ಬ್ಯಾಂಕಿನವರು ಸಾಲದ ಮಿತಿ ಇಳಿಸಿದರು. ಹೊಸ ತೊಗರಿ ಅಗ್ಗವಾಗಿ ಸಿಗುತ್ತಿದ್ದರೂ ಕೊಳ್ಳಲು ಹಣವಿಲ್ಲ. ‘ಸಾಹೇಬ್ರ, ರೇಟ್ ಇಳಿದ್ರ ಮಿಲ್ಲಿನವರಿಗಿ ಚಲೋ ಅಂತಾರಲ್ಲ?’ ಎಂದು ಅವರು ಬೇಸರದಿಂದ ನಕ್ಕರು. ಮಿಲ್ಲಿಗೆ ಬೇಕಾದದ್ದು ಅಗ್ಗದ ಧಾರಣೆಗಿಂತ ಸ್ಥಿರ ಧಾರಣೆ. ಬೇಳೆ ಒಡೆಯುವ ಕೂಲಿ, ಹೊಟ್ಟು ಚುನ್ನಿಯ ಮಾರಾಟ ಸೇರಿ ಉಳಿಯುವುದು ಕ್ವಿಂಟಲಿಗೆ ಕೆಲವು ನೂರು ರೂಪಾಯಿ. ಒಂದು ಅಧಿಸೂಚನೆ ತೆಗೆದುಕೊಂಡು ಹೋಗುವುದು ಸಾವಿರಗಳಲ್ಲಿ. ಈ ವಿಷಯದಲ್ಲಿ ರೈತನ ಹಿತ ಬೇರೆ, ಮಿಲ್ಲಿನ ಹಿತ ಬೇರೆ ಎಂದು ನಾವು ಭಾವಿಸಿದ್ದೇ ಪ್ರಮಾದ.

ಆದ್ದರಿಂದ ನಮ್ಮ ಸಂಸ್ಥೆ ಕೇಳಬೇಕಾದದ್ದು ಹೀಗಿರಲಿ ಎಂದು ಸೂಚಿಸುತ್ತೇನೆ. ಮುಂಗಾರಿನ ಬೆಂಬಲ ಬೆಲೆ ಘೋಷಿಸುವ ದಿನವೇ ಆ ಹಂಗಾಮಿನ ಆಮದು ಸುಂಕವನ್ನೂ ಘೋಷಿಸಬೇಕು. ಮರುವರ್ಷ ಮಾರ್ಚ್‌ವರೆಗೆ ಅದನ್ನು ಮುಟ್ಟಬಾರದು. ಸುಂಕದ ಪ್ರಮಾಣ, ವಿದೇಶಿ ತೊಗರಿ ಬಂದರಿನಲ್ಲಿ ಬೆಂಬಲ ಬೆಲೆಗಿಂತ ಅಗ್ಗವಾಗಿ ಇಳಿಯದಷ್ಟಿದ್ದರೆ ಸಾಕು. ಬೆಲೆ ಇಳಿದಂತೆ ತಾನೇ ಏರುವ ಸ್ವಯಂಚಾಲಿತ ಸುಂಕವನ್ನು ಕೆಲವರು ಸೂಚಿಸುತ್ತಾರೆ. ಅದು ಕೂಡದು: ಅಂಥದ್ದೇ ಬೆಲೆಪಟ್ಟಿ ಪದ್ಧತಿ ಅನುಸರಿಸಿದ ಚಿಲಿ ದೇಶ ಅರ್ಜೆಂಟೀನಾದ ದೂರಿನ ಮೇಲೆ 2002 ರಲ್ಲಿ ಸೋತಿದೆ. ವರ್ಷಕ್ಕೊಮ್ಮೆ ಸಾಮಾನ್ಯ ಅಧಿಸೂಚನೆಯ ಮೂಲಕ ನಿಗದಿಪಡಿಸುವ ಸುಂಕಕ್ಕೆ ಆ ತೊಡಕಿಲ್ಲ. ಹಿಂದುಳಿದ ರಾಷ್ಟ್ರಗಳಿಗೆ ಒಡಂಬಡಿಕೆಯಷ್ಟು ಟನ್ ಸುಂಕವಿಲ್ಲದೆ ಬರಲಿ, ಅದರಾಚೆಗೆ ಎಲ್ಲರಿಗೂ ಒಂದೇ ಸುಂಕ. ಆ ರಿಯಾಯಿತಿ ನಾವಾಗಿ ಕೊಟ್ಟದ್ದಾದ್ದರಿಂದ ತಿದ್ದಿಕೊಳ್ಳಲು ಅವಕಾಶವಿದೆ. ಬರ ಬಿದ್ದ ವರ್ಷಕ್ಕೆ ಸರಕಾರಿ ಕಾಪು ದಾಸ್ತಾನು ಇದೆ. ಅದನ್ನು ಬಳಸಿದ ಮೇಲಷ್ಟೇ ಸುಂಕಕ್ಕೆ ಕೈಹಾಕಲಿ. ಹಳದಿ ಬಟಾಣಿಯನ್ನು ಇದರಿಂದ ಹೊರಗಿಡುವಂತಿಲ್ಲ. 2023 ರ ಡಿಸೆಂಬರಿನಿಂದ ಸುಂಕವಿಲ್ಲದೆ ಹರಿದುಬಂದ ಬಟಾಣಿ ಬೇಳೆ ತೊಗರಿ ಬೇಳೆಯ ಗಿರಾಕಿಯನ್ನೂ ಸೆಳೆಯಿತು. 2025 ರ ನವೆಂಬರ್ 1 ರಿಂದ ಅದಕ್ಕೆ ಶೇ. 30 ಸುಂಕ ಬಂತು, ರಾಶಿಗೆ ಒಂದು ತಿಂಗಳು ಇರುವಾಗ. ಅಷ್ಟಾದರೂ ಮುಂಚಿತವಾಗಿ ಬಂದದ್ದು ನನಗೆ ನೆನಪಿರುವಂತೆ ಅದೊಂದೇ.

ಈ ಮನವಿ ಏಪ್ರಿಲ್ ಮುಗಿಯುವುದರೊಳಗೆ ದೆಹಲಿ ತಲುಪಿದರೆ ಮಾತ್ರ ಪ್ರಯೋಜನ; ಬಿತ್ತನೆಯ ನಂತರ ಕಳುಹಿಸಿದರೆ ಅದು ಮುಂದಿನ ವರ್ಷದ ಕಡತ. ಕಲಬುರಗಿಯಲ್ಲಿಯೇ ಇರುವ ತೊಗರಿ ಅಭಿವೃದ್ಧಿ ಮಂಡಳಿಯನ್ನೂ ರೈತ ಸಂಘಟನೆಗಳನ್ನೂ ಒಟ್ಟಿಗೆ ಕೂರಿಸಿ ಒಂದೇ ಮನವಿಯಾಗಿ ಕಳುಹಿಸುವುದು ಉತ್ತಮ. ಜೊತೆಗೆ ಲಗತ್ತಿಸಲು, ಪ್ರತಿಯೊಂದು ಅಧಿಸೂಚನೆಯ ಹಿಂದಿನ ಹಾಗೂ ಮುಂದಿನ ಮೂವತ್ತು ದಿನಗಳಲ್ಲಿ ಗಂಜಿನ ಧಾರಣೆ ಏನಾಯಿತೆಂಬ ಕೋಷ್ಟಕವೊಂದನ್ನು ಶುಲ್ಕವಿಲ್ಲದೆ ಸಿದ್ಧಪಡಿಸಿಕೊಡಲು ನಾನು ಸಿದ್ಧನಿದ್ದೇನೆ. ಅಡತಿದಾರರೂ ಮಿಲ್ ಮಾಲೀಕರೂ 2015 ರಿಂದೀಚಿನ ತಮ್ಮ ಖರೀದಿ ದರಗಳನ್ನು ದಿನಾಂಕ ಸಹಿತ ಸಂಸ್ಥೆಯ ಕಚೇರಿಗೆ ಕಳುಹಿಸಿಕೊಟ್ಟರೆ ಸಾಕು. ಅಂಗಡಿಯ ಹೆಸರು ಬರೆಯಬೇಕಾಗಿಲ್ಲ.